ಅಯಾನು ಬೀಮ್ ಬಿದ್ದ ಮೇಲೆ ಸೆನ್ಸರ್ ಹದ ತಪ್ಪಿದರೆ: ಝಿಂಕ್ ಆಕ್ಸೈಡ್ ನ್ಯಾನೋರಾಡ್ ಚಿಪ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ಅಯಾನು ಬೀಮ್‌ಗೆ ಒಡ್ಡಿ ತಂದ ಝಿಂಕ್ ಆಕ್ಸೈಡ್ ಗ್ಯಾಸ್ ಸೆನ್ಸರ್ ಕೈಕೊಟ್ಟಿದ್ದು ಸಾಮಾನ್ಯವಾಗಿ ಮೂರು ರೀತಿಯಲ್ಲಿ ಗೊತ್ತಾಗುತ್ತದೆ. ರೋಧ ಸಾವಿರಾರು ಪಟ್ಟು ಏರಿರುತ್ತದೆ ಅಥವಾ ಇಳಿದಿರುತ್ತದೆ. ಇಲ್ಲವೇ ಬೀಮ್ ಬಿದ್ದೇ ಇಲ್ಲವೇನೋ ಎಂಬಂತೆ ಹಳೆಯ ರೋಧವೇ ಬರುತ್ತದೆ. ಅದೂ ಅಲ್ಲದಿದ್ದರೆ ಒಂದೇ ಬ್ಯಾಚಿನ, ಒಂದೇ ಲ್ಯಾಡರ್‌ನಲ್ಲಿ (ಬೀಮ್ ಎದುರು ಚಿಪ್‌ಗಳನ್ನು ಕೂರಿಸುವ ಲೋಹದ ಪಟ್ಟಿ) ಕೂತಿದ್ದ ನಾಲ್ಕು ಚಿಪ್‌ಗಳು ನಾಲ್ಕು ದಿಕ್ಕು ಹಿಡಿಯುತ್ತವೆ. ಮೂರಕ್ಕೂ ‘ಆಕ್ಸಿಜನ್ ವೇಕೆನ್ಸಿ’ (ಸ್ಫಟಿಕದಲ್ಲಿ ಆಕ್ಸಿಜನ್ ಪರಮಾಣು ಇಲ್ಲದೆ ಖಾಲಿ ಬಿದ್ದ ಜಾಗ) ಎಂದು ಒಂದೇ ಕಾರಣ ಬರೆದು ಮುಗಿಸುವ ರೂಢಿ ಬೆಳೆದುಬಿಟ್ಟಿದೆ. ಸ್ಫಟಿಕದೊಳಗಿನ ಡಿಫೆಕ್ಟ್‌ಗಳ ಮೇಲೆ ತಪ್ಪು ಹೊರಿಸುವ ಮೊದಲು ಬೆಳಕು, ತೇವ, ಫ್ಲುಯೆನ್ಸ್ (ಒಂದು ಚದರ ಸೆಂಟಿಮೀಟರ್‌ಗೆ ಬಿದ್ದ ಅಯಾನುಗಳ ಸಂಖ್ಯೆ) ಲೆಕ್ಕ, ಕೆಳಗಿನ ಸಿಲಿಕಾ ಪದರ, ಲೋಹದ ಸಂಪರ್ಕ, ಇಂಗಾಲದ ಕಲೆ ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿ ಬದಿಗಿಡಬೇಕು. ಬಹಳಷ್ಟು ಚಿಪ್‌ಗಳ ತೊಂದರೆ ಅಲ್ಲೇ ಎಲ್ಲೋ ಸಿಕ್ಕಿಬಿಡುತ್ತದೆ.

ಇಲ್ಲಿ ಎದುರಿಗಿಟ್ಟುಕೊಂಡಿರುವುದು ಈ ಬಗೆಯ ಚಿಪ್: ಸಿಲಿಕಾನ್ ಮೇಲೆ 300 ನ್ಯಾನೋಮೀಟರ್ ಸಿಲಿಕಾ, ಅದರ ಮೇಲೆ ಝಿಂಕ್ ನೈಟ್ರೇಟ್ ಮತ್ತು ಹೆಕ್ಸಮೀನ್ ದ್ರಾವಣದಲ್ಲಿ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ ಝಿಂಕ್ ಆಕ್ಸೈಡ್ ನ್ಯಾನೋರಾಡ್‌ಗಳು (ನ್ಯಾನೋಮೀಟರ್ ಅಳತೆಯ ಕಡ್ಡಿಗಳು), ಹೆಣೆದ ಬೆರಳುಗಳಂತಿರುವ ಟೈಟಾನಿಯಂ–ಚಿನ್ನದ ಎಲೆಕ್ಟ್ರೋಡ್‌ಗಳು. ಬೆಂಗಳೂರಿನಲ್ಲಿ ಬೆಳೆಸಿದ ಸ್ಯಾಂಪಲ್ ಭಾರಿ ಅಯಾನುಗಳಿಗಾಗಿ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ 15 ಯುಡಿ ಪೆಲೆಟ್ರಾನ್ ವೇಗವರ್ಧಕದವರೆಗೆ ಹೋಗಿ ಬರುತ್ತದೆ ಎಂದುಕೊಳ್ಳಿ. ಉದಾಹರಣೆಗೆ ಎರಡು ಬೀಮ್ ಹಿಡಿದಿದ್ದೇವೆ: ಚಾರ್ಜ್ ಸ್ಟೇಟ್ 9 ಇರುವ (ಅಂದರೆ ಒಂಬತ್ತು ಎಲೆಕ್ಟ್ರಾನ್ ಕಳೆದುಕೊಂಡ) 120 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್) ಬೆಳ್ಳಿ ಅಯಾನು, ಮತ್ತು 50 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಆರ್ಗಾನ್. ಎರಡೂ ಮಾಡುವ ಕೆಲಸ ಬೇರೆ ಬೇರೆ. ಬೆಳ್ಳಿ ಅಯಾನು ರಾಡ್‌ಗಳನ್ನು ತೂರಿಕೊಂಡು ಸಿಲಿಕಾನ್‌ನೊಳಗೆ ಹಲವು ಮೈಕ್ರೋಮೀಟರ್ ಹೋಗಿ ನಿಲ್ಲುತ್ತದೆ, ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳಿಗೆ ಶಕ್ತಿ ಕೊಡುತ್ತಾ ಸಾಗುತ್ತದೆ. ಆರ್ಗಾನ್ ಮೇಲಿನ ಕೆಲವು ಹತ್ತು ನ್ಯಾನೋಮೀಟರ್‌ಗಳಲ್ಲೇ ನಿಂತು ಪರಮಾಣುಗಳನ್ನು ಅವುಗಳ ಜಾಗದಿಂದ ಕಿತ್ತು ಎಸೆಯುತ್ತದೆ.

ಮೊದಲು ಮಾಡಬಾರದ್ದು

ಚಿಪ್ ಕೈಗೆ ಬಂದ ಕೂಡಲೇ ಹಾಟ್‌ಪ್ಲೇಟ್ ಮೇಲೆ ಇಡಬೇಡಿ. ಸೆನ್ಸರ್ ಕೆಲಸ ಮಾಡುವುದೇ 200–300 ಡಿಗ್ರಿಯಲ್ಲಿ, ಹಾಗಾಗಿ ನೇರವಾಗಿ ಅಲ್ಲಿಗೇ ಏರಿಸುವ ಆತುರ ಸಹಜ. ಆದರೆ ಆ ಶಾಖದಲ್ಲಿ ಬೀಮ್ ಮಾಡಿದ ಬದಲಾವಣೆಯ ಒಂದು ಪಾಲು ಅಳಿಸಿಹೋಗುತ್ತದೆ, ತೇವವೂ ಹಾರಿಹೋಗುತ್ತದೆ. ಆಮೇಲೆ ಯಾವುದು ಯಾವುದರಿಂದ ಆಯಿತು ಎಂದು ಹೇಳಲು ಸಾಕ್ಷ್ಯವೇ ಉಳಿಯುವುದಿಲ್ಲ. ಹಿಂದಕ್ಕೆ ತಿರುಗಿಸಲಾಗದ ಪರೀಕ್ಷೆ ಕೊನೆಗೆ ಎಂಬುದು ಇಡೀ ಕೈಪಿಡಿಯ ನಿಯಮ. ಕ್ರಮ ಹೀಗಿರಲಿ: ಕತ್ತಲಲ್ಲಿ ವಿದ್ಯುತ್ ಅಳತೆ, ಹಸಿರು ಲೇಸರ್‌ನ ರಾಮನ್ (ಚದುರಿದ ಬೆಳಕಿನಿಂದ ಸ್ಫಟಿಕದ ಕಂಪನ ಓದುವುದು), ಫೋಟೋಲ್ಯೂಮಿನೆಸೆನ್ಸ್ (ಲೇಸರ್ ಬಿದ್ದಾಗ ಪದಾರ್ಥ ಹೊರಸೂಸುವ ಬೆಳಕು), ಎಕ್ಸ್‌ಪಿಎಸ್ (ಎಕ್ಸ್-ರೇಯಿಂದ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆದು ಮೇಲ್ಮೈಯ ಧಾತುಗಳನ್ನು ಗುರುತಿಸುವುದು), ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಎಲ್ಲ ಮುಗಿದ ಮೇಲೆ ಅನೀಲಿಂಗ್ (ಹದವಾಗಿ ಕಾಯಿಸಿ ತಣಿಸುವುದು). ಫೋಟೋಲ್ಯೂಮಿನೆಸೆನ್ಸ್‌ನ ಅತಿನೇರಳೆ ಲೇಸರ್ ರೋಧವನ್ನು ಕೆಡಿಸುತ್ತದೆ, ಮೈಕ್ರೋಸ್ಕೋಪ್‌ನ ಎಲೆಕ್ಟ್ರಾನ್ ಕಿರಣ ಇಂಗಾಲ ಕೂರಿಸುತ್ತದೆ. ಅದಕ್ಕೇ ಈ ಕ್ರಮ.

ಇದಕ್ಕೆಲ್ಲ ಒಂದು ಮುಂಜಾಗ್ರತೆ ಬೇಕು. ಒಂದೇ ವೇಫರಿನಿಂದ ಕತ್ತರಿಸಿದ ಮೂರು ಚಿಪ್‌ಗಳು ಇರಲೇಬೇಕು: ಬೆಂಗಳೂರಿನಲ್ಲೇ ಡೆಸಿಕೇಟರ್‌ನಲ್ಲಿ (ತೇವ ತಾಗದ ಡಬ್ಬ) ಉಳಿದದ್ದು, ಜೊತೆಗೆ ಪ್ರಯಾಣ ಮಾಡಿ ಚೇಂಬರ್‌ನ ನಿರ್ವಾತದಲ್ಲಿ ಕೂತು ಬೀಮ್ ಮಾತ್ರ ಕಾಣದೆ ವಾಪಸು ಬಂದದ್ದು, ಮತ್ತು ಬೀಮ್ ಕಂಡದ್ದು. ಎರಡನೆಯದು ಮೊದಲನೆಯದಕ್ಕಿಂತ ಬದಲಾಗಿದ್ದರೆ ಬೀಮ್ ಮೇಲೆ ದೂರು ಹಾಕುವಂತಿಲ್ಲ. ನಿರ್ವಾತದಲ್ಲಿ ಮೇಲ್ಮೈಗೆ ಅಂಟಿದ್ದ ಆಕ್ಸಿಜನ್ ಬಿಟ್ಟುಹೋಗಿಯೇ ರೋಧ ಇಳಿಯಬಹುದು. ಅಂದಹಾಗೆ, ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದು ಕೊಡುವ ಡೋಸ್ ಮೈಕ್ರೋಗ್ರೇ ಲೆಕ್ಕದ್ದು, ಬೀಮ್ ಕೊಟ್ಟದ್ದು ಮೆಗಾಗ್ರೇ ಲೆಕ್ಕದ್ದು.

ಬೆಳಕು ಮತ್ತು ತೇವ

ರೋಧ ಇಳಿದಿದ್ದರೆ ಮೊದಲ ಅನುಮಾನ ಬೆಳಕಿನ ಮೇಲೆ. ಝಿಂಕ್ ಆಕ್ಸೈಡ್ ಒಮ್ಮೆ ಬಿಸಿಲನ್ನೋ ಅತಿನೇರಳೆ ದೀಪವನ್ನೋ ಕಂಡರೆ ಅದರ ವಾಹಕತೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಏರಿಯೇ ಇರುತ್ತದೆ. ಕಿಟಕಿ ಪಕ್ಕದ ಮೇಜಿನಲ್ಲಿ ತಂತಿ ಜೋಡಿಸಿದ್ದೇ ಸಾಕು. ಬೀಮ್‌ನಿಂದ ಹೆಚ್ಚು ಡಿಫೆಕ್ಟ್‌ಗಳಾದ ಚಿಪ್‌ನಲ್ಲಿ ಈ ಬಾಲ ಇನ್ನೂ ಉದ್ದವಾಗಬಹುದು, ಅದಕ್ಕೆ ಮೂರೂ ಚಿಪ್‌ಗಳಿಗೆ ಒಂದೇ ಉಪಚಾರ ಮಾಡಿ: ಅಪಾರದರ್ಶಕ ಡಬ್ಬದಲ್ಲಿ, ಒಣ ಗಾಳಿಯ ಹರಿವಿನಲ್ಲಿ, ಕೋಣೆಯ ಉಷ್ಣತೆಯಲ್ಲಿ 24 ಗಂಟೆ. ಆಮೇಲೆ 0.1ರಿಂದ 1 ವೋಲ್ಟ್ ಒಳಗೆ ಅಳೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಇನ್ನೂ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಚಿಪ್ ಇನ್ನೂ ನೆಲೆಗೆ ಬಂದಿಲ್ಲ, ಆ ಅಂಕಿಯನ್ನು ಬರೆದುಕೊಳ್ಳಬೇಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ತೇವ ಜಾಸ್ತಿ. ಅದು ರಾಡ್‌ಗಳ ಮೇಲೆ ಮಾತ್ರವಲ್ಲ, ಎಲೆಕ್ಟ್ರೋಡ್‌ಗಳ ನಡುವಿನ ಸಿಲಿಕಾ ಮೇಲೂ ಕೂತು ಅಲ್ಲೇ ವಿದ್ಯುತ್ ಸೋರುವಂತೆ ಮಾಡುತ್ತದೆ. ಬೇಸಿಗೆಯಲ್ಲಿ ಅಳೆದ ‘ಮೊದಲು’ ಮತ್ತು ಮಳೆಗಾಲದಲ್ಲಿ ಅಳೆದ ‘ನಂತರ’ ಇವೆರಡನ್ನು ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆಯುವುದು ಅರ್ಥವಿಲ್ಲದ ಕೆಲಸ. ಎಸ್.ಪಿ. ರೋಡ್‌ನಲ್ಲಿ ಸಿಗುವ ಅಗ್ಗದ ತೇವಮಾಪಕವಾದರೂ ಸರಿ, ಅಳತೆ ಡಬ್ಬದೊಳಗೆ ಒಂದು ಇರಲಿ. ಅದರ ಅಂಕಿ ಪ್ರತಿ ಓದಿನ ಜೊತೆ ದಾಖಲಾಗಲಿ.

ಫ್ಲುಯೆನ್ಸ್ ಲೆಕ್ಕ

‘ಏನೂ ಬದಲಾಗಿಲ್ಲ’ ಅಥವಾ ‘ವಿಪರೀತ ಬದಲಾಗಿದೆ’ ಎಂಬ ದೂರುಗಳ ಮೂಲ ಬಹಳ ಸಲ ಇಲ್ಲೇ ಇರುತ್ತದೆ. ಅದಕ್ಕೆ ಲಾಗ್‌ಬುಕ್ ತೆರೆದು ಲೆಕ್ಕವನ್ನು ಮೊದಲಿನಿಂದ ಮಾಡಿ.

ಒಂದು ಪಾರ್ಟಿಕಲ್ ನ್ಯಾನೋಆಂಪಿಯರ್ ಎಂದರೆ ಸೆಕೆಂಡಿಗೆ 6.25×10⁹ ಅಯಾನುಗಳು. ಚಾರ್ಜ್ ಸ್ಟೇಟ್ 9 ಇದ್ದಾಗ ಮೀಟರ್ 9 ನ್ಯಾನೋಆಂಪಿಯರ್ ತೋರಿಸಿದರೆ ನಿಜವಾದ ಅಯಾನು ಪ್ರವಾಹ 1 ಪಾರ್ಟಿಕಲ್ ನ್ಯಾನೋಆಂಪಿಯರ್ ಮಾತ್ರ. ಒಂದು ಚದರ ಸೆಂಟಿಮೀಟರ್‌ಗೆ 1×10¹² ಅಯಾನು ಬೇಕಿದ್ದರೆ 160 ಸೆಕೆಂಡ್ ಬೇಕು. 9ರಿಂದ ಭಾಗಿಸುವುದು ಮರೆತರೆ ಸುಮಾರು 18 ಸೆಕೆಂಡಿಗೇ ಷಟರ್ ಬೀಳುತ್ತದೆ, ಚಿಪ್‌ಗೆ ಒಂಬತ್ತನೇ ಒಂದು ಪಾಲು ಮಾತ್ರ ಸಿಗುತ್ತದೆ. ಸಮಯ ಬಿಟ್ಟು ಒಟ್ಟು ಚಾರ್ಜ್‌ನಿಂದಲೂ ತಾಳೆ ನೋಡಿ: ಇದೇ ಫ್ಲುಯೆನ್ಸ್‌ಗೆ, ಇದೇ ವಿಸ್ತೀರ್ಣಕ್ಕೆ 1.44 ಮೈಕ್ರೋಕೂಲಂಬ್ ಆಗಬೇಕು. ಒಟ್ಟು ಚಾರ್ಜ್ ಎಣಿಸುವ ಕರೆಂಟ್ ಇಂಟಿಗ್ರೇಟರ್‌ನ ರೇಂಜ್ ಯಾವುದಿತ್ತು, ಒಂದು ಪಲ್ಸಿಗೆ ಎಷ್ಟು ಕೂಲಂಬ್ ಎಂಬುದು ಬರೆದಿರದಿದ್ದರೆ ಆ ಓಟದ ಫ್ಲುಯೆನ್ಸ್ ಅನ್ನು ನಂಬಬೇಡಿ. ರೇಂಜ್ ಒಂದು ಹೆಜ್ಜೆ ತಪ್ಪಿದರೂ ಉತ್ತರ ಹಲವು ಪಟ್ಟು ತಪ್ಪುತ್ತದೆ.

ವಿಸ್ತೀರ್ಣದಲ್ಲೂ ಎಡವುತ್ತಾರೆ. ಸ್ಕ್ಯಾನರ್ ಬೀಮನ್ನು 1.5 ಸೆಂ.ಮೀ. ಚೌಕಕ್ಕೆ ಹರಡಿದ್ದು, ಲೆಕ್ಕದಲ್ಲಿ 1 ಸೆಂ.ಮೀ. ಚೌಕ ಹಾಕಿದ್ದರೆ ಚಿಪ್‌ಗೆ ಬಿದ್ದದ್ದು ಅಂದುಕೊಂಡದ್ದರ 44 ಶೇಕಡ. ಬೀಮ್ ಸಮನಾಗಿ ಹರಡಿದೆಯೇ ಎಂದು ತಿಳಿಯಲು ಲ್ಯಾಡರ್‌ನಲ್ಲಿ ಒಂದು ಕ್ವಾರ್ಟ್ಜ್ ತುಂಡು ಇಟ್ಟು ಕ್ಯಾಮೆರಾದಲ್ಲಿ ಅದರ ಹೊಳಪು ನೋಡಿ. ಅಂಚು ಕಪ್ಪಾಗಿ ನಡು ಉರಿಯುತ್ತಿದ್ದರೆ ನಾಲ್ಕು ಚಿಪ್‌ಗಳ ನಾಲ್ಕು ದಿಕ್ಕಿಗೆ ಅದೇ ಕಾರಣ.

ಇನ್ನೊಂದು ಸೂಕ್ಷ್ಮವಿದೆ. ಕರೆಂಟನ್ನು ಫ್ಯಾರಡೆ ಕಪ್‌ನಲ್ಲಿ (ಅಯಾನುಗಳ ಚಾರ್ಜ್ ಹಿಡಿದು ಅಳೆಯುವ ಲೋಹದ ಬಟ್ಟಲು) ಅಳೆಯದೆ ನೇರವಾಗಿ ಲ್ಯಾಡರ್ ಮೇಲೆ ಓದಿದ್ದರೆ ಆ ಅಂಕಿ ಹೆಚ್ಚೇ ಬಂದಿರುತ್ತದೆ. ಪ್ರತಿ ಅಯಾನು ಲೋಹಕ್ಕೆ ಬಡಿದಾಗ ಹಲವು ದ್ವಿತೀಯಕ ಎಲೆಕ್ಟ್ರಾನ್‌ಗಳು ಹಾರಿಹೋಗುತ್ತವೆ. ಹೊರಗೆ ಹೋದ ಋಣ ಚಾರ್ಜ್ ಮೀಟರ್‌ಗೆ ಒಳಗೆ ಬಂದ ಧನ ಚಾರ್ಜಿನಂತೆಯೇ ಕಾಣುತ್ತದೆ. ಕಪ್ ಇದ್ದರೂ, ಆ ಎಲೆಕ್ಟ್ರಾನ್‌ಗಳನ್ನು ಕಪ್‌ಗೇ ಹಿಂದಕ್ಕೆ ತಳ್ಳುವ ಸಪ್ರೆಸರ್‌ನ ವೋಲ್ಟೇಜ್ ಪರೀಕ್ಷಿಸಿ: ಸೊನ್ನೆಯಿಂದ ಋಣ ದಿಕ್ಕಿಗೆ ಮೆಲ್ಲಗೆ ಏರಿಸುತ್ತಾ ಹೋದರೆ ಓದು ಇಳಿಯುತ್ತಾ ಹೋಗಿ ಒಂದು ಕಡೆ ಸಮತಟ್ಟಾಗುತ್ತದೆ. ಆ ಸಮತಟ್ಟಿನ ಅಂಕಿಯೇ ನಿಜವಾದದ್ದು. ಸಪ್ರೆಸರ್ ಕೇಬಲ್ ಕಿತ್ತುಹೋಗಿದ್ದರೆ ಈ ಇಳಿತವೇ ಕಾಣುವುದಿಲ್ಲ, ವೋಲ್ಟೇಜ್ ಎಷ್ಟೇ ತಿರುಗಿಸಿದರೂ ಓದು ಕದಲುವುದಿಲ್ಲ.

ಲೆಕ್ಕ ಸರಿಯಿದ್ದೂ ಬದಲಾವಣೆ ಕಾಣದಿದ್ದರೆ ಅದು ತೊಂದರೆಯೇ ಅಲ್ಲದಿರಬಹುದು. ಝಿಂಕ್ ಆಕ್ಸೈಡ್ ವಿಕಿರಣಕ್ಕೆ ಗಟ್ಟಿ ಪದಾರ್ಥ. ಹುಟ್ಟಿದ ಡಿಫೆಕ್ಟ್‌ಗಳಲ್ಲಿ ಬಹುಪಾಲು ಅಲ್ಲೇ, ಆಗಲೇ ಕೂಡಿಕೊಂಡು ಇಲ್ಲವಾಗುತ್ತವೆ. ಟೈಟಾನಿಯಂ ಡೈಆಕ್ಸೈಡ್ ನ್ಯಾನೋಟ್ಯೂಬ್‌ಗಳಿಗೆ ಕೆಲಸ ಮಾಡಿದ ಫ್ಲುಯೆನ್ಸ್ ಅನ್ನು ಇದಕ್ಕೂ ಎತ್ತಿಟ್ಟುಕೊಂಡರೆ ನಿರಾಸೆಯೇ. ಅಯಾನು ಎಷ್ಟು ಆಳ ಹೋಗುತ್ತದೆಂದು ಅಂದಾಜಿಸುವ ಎಸ್‌ಆರ್‌ಐಎಂ ಪ್ರೋಗ್ರಾಂನಲ್ಲಿ ಲೆಕ್ಕ ಹಾಕಿದವರು ಸಾಂದ್ರತೆಯ ಡಬ್ಬಿಯನ್ನೂ ನೋಡಲಿ: ಧಾತುಗಳನ್ನು ಸೇರಿಸಿದಾಗ ಅದು ತಾನೇ ತುಂಬುವ ಅಂಕಿ ಆಕ್ಸೈಡ್‌ಗಳಿಗೆ ಸರಿಹೊಂದುವುದಿಲ್ಲ. ಝಿಂಕ್ ಆಕ್ಸೈಡ್‌ಗೆ ಘನ ಸೆಂ.ಮೀ.ಗೆ 5.61 ಗ್ರಾಂ ಎಂದು ಕೈಯಾರೆ ಹಾಕಬೇಕು. ಆ ಪ್ರೋಗ್ರಾಂ ಎಲ್ಲವನ್ನೂ ಚಪ್ಪಟೆ ಪದರವೆಂದೇ ಎಣಿಸುತ್ತದೆ, ರಾಡ್‌ನ ಪಕ್ಕದ ಗೋಡೆಯಿಂದ ಹೊರಬೀಳುವ ಪರಮಾಣುಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಚಿಪ್‌ನಿಂದ ಚಿಪ್‌ಗೆ ವ್ಯತ್ಯಾಸ: ಅಯಾನುಗಳ ಎಣಿಕೆ

ಕಡಿಮೆ ಫ್ಲುಯೆನ್ಸ್‌ನಲ್ಲಿ ಮೂಡುವ ವ್ಯತ್ಯಾಸಕ್ಕೆ ಯಂತ್ರವನ್ನು ದೂರುವುದು ಅನ್ಯಾಯ. ಮೊದಲ ಮಳೆಹನಿ ಬಿದ್ದ ಅಂಗಳದಲ್ಲಿ ಕೆಲವು ಕಲ್ಲು ಒದ್ದೆ, ಕೆಲವು ಒಣ ಇರುವ ಹಾಗೆಯೇ ಇದು. 100 ನ್ಯಾನೋಮೀಟರ್ ವ್ಯಾಸದ, ನೆಟ್ಟಗೆ ನಿಂತ ರಾಡ್‌ನ ತಲೆಯ ವಿಸ್ತೀರ್ಣ 7.85×10⁻¹¹ ಚದರ ಸೆಂ.ಮೀ. ಫ್ಲುಯೆನ್ಸ್ 10¹⁰ ಇದ್ದಾಗ ಒಂದು ರಾಡ್‌ಗೆ ಸರಾಸರಿ 0.785 ಅಯಾನು. ಅಂದರೆ ಸುಮಾರು 46 ಶೇಕಡ ರಾಡ್‌ಗಳಿಗೆ ಒಂದೂ ಬಿದ್ದಿರುವುದಿಲ್ಲ. ಲಕ್ಷಾಂತರ ರಾಡ್‌ಗಳಿರುವ ಸೆನ್ಸರ್‌ನಲ್ಲಿ ಇದು ಸರಾಸರಿಯಾಗಿ ಮುಚ್ಚಿಹೋಗುತ್ತದೆ. ಒಂದೇ ತಂತಿಯ ಸಾಧನದಲ್ಲಿ ಹಾಗಾಗುವುದಿಲ್ಲ: ಮಲಗಿರುವ, 100 ನ್ಯಾನೋಮೀಟರ್ ಅಗಲ ಮತ್ತು 2 ಮೈಕ್ರೋಮೀಟರ್ ಉದ್ದದ ತಂತಿಗೆ ಇದೇ ಫ್ಲುಯೆನ್ಸ್‌ನಲ್ಲಿ ಸರಾಸರಿ 20 ಅಯಾನು ಬೀಳುತ್ತವೆ, ಅದರಲ್ಲಿ ನಾಲ್ಕೈದರ ಏರುಪೇರು ಇದ್ದದ್ದೇ.

ಮೇಲಿನ ತುದಿಯಲ್ಲೂ ಮಿತಿ ಇದೆ. ಟ್ರ್ಯಾಕ್ (ಅಯಾನು ಹಾದ ದಾರಿಯಲ್ಲಿ ಉಳಿಯುವ ಹಾನಿಯ ಗೆರೆ) ಉಳಿಸಿಕೊಳ್ಳುವ ಆಕ್ಸೈಡ್‌ನಲ್ಲಿ ಅಯಾನಿನ ಪ್ರಭಾವದ ತ್ರಿಜ್ಯ 5 ನ್ಯಾನೋಮೀಟರ್ ಎಂದು ಹಿಡಿದರೆ 10¹¹ರಲ್ಲಿ ಮೇಲ್ಮೈಯ ಸುಮಾರು 8 ಶೇಕಡ, 10¹²ರಲ್ಲಿ ಸುಮಾರು 54 ಶೇಕಡ ಆವರಿಸುತ್ತದೆ. 10¹³ಕ್ಕೆ ಬರುವಷ್ಟರಲ್ಲಿ ಅಯಾನುಗಳು ಒಂದರ ದಾರಿಯ ಮೇಲೆ ಒಂದು ಬೀಳುತ್ತಿರುತ್ತವೆ. ಅಲ್ಲಿ ಗ್ರಾಫ್ ತಿರುವು ತೆಗೆದುಕೊಂಡರೆ ಅಳತೆ ತಪ್ಪಿತೆಂದು ಆ ಬಿಂದುವನ್ನು ಅಳಿಸಿಹಾಕಬೇಡಿ.

ಸೋರಿಕೆ ರಾಡ್‌ನಲ್ಲೋ, ಕೆಳಗಿನ ಪದರದಲ್ಲೋ?

120 ಎಂಇವಿ ಬೆಳ್ಳಿ ಅಯಾನು ರಾಡ್‌ನಲ್ಲಿ ನಿಲ್ಲುವುದಿಲ್ಲ ಎಂದೆವಲ್ಲ, ಅದು ಕೆಳಗಿನ 300 ನ್ಯಾನೋಮೀಟರ್ ಸಿಲಿಕಾದಲ್ಲೂ ಟ್ರ್ಯಾಕ್ ಬಿಟ್ಟು ಹೋಗುತ್ತದೆ. ಈ ಅಯಾನಿನ ಹೊಡೆತಕ್ಕೆ ಸಿಲಿಕಾ ಝಿಂಕ್ ಆಕ್ಸೈಡ್‌ಗಿಂತ ಬಹಳ ಮೆದು. ಆಗ ವಿದ್ಯುತ್ ಒಂದು ಎಲೆಕ್ಟ್ರೋಡ್‌ನಿಂದ ಕೆಳಗಿಳಿದು ಸಿಲಿಕಾನ್ ಮೂಲಕ ಹಾದು ಇನ್ನೊಂದಕ್ಕೆ ಏರಬಹುದು. ಮೇಜಿನ ಮೇಲೆ ಇದು ‘ರೋಧ ಕುಸಿದಿದೆ, ಗ್ಯಾಸ್ ಕೊಟ್ಟರೂ ಕದಲುತ್ತಿಲ್ಲ’ ಎಂದು ಕಾಣುತ್ತದೆ.

ಪರೀಕ್ಷೆ ಸರಳ. ಒಂದು ಎಲೆಕ್ಟ್ರೋಡ್ ಮತ್ತು ಚಿಪ್‌ನ ಬೆನ್ನಿನ ನಡುವೆ ಅಳೆಯಿರಿ, ಬೆನ್ನಿನ ಆಕ್ಸೈಡ್ ಕೆರೆದು ಬೆಳ್ಳಿ ಪೇಸ್ಟ್ ಹಚ್ಚಿರಬೇಕು. ಬೀಮ್ ಕಾಣದ ಚಿಪ್‌ನಲ್ಲಿ ಇದು ಉಪಕರಣದ ತಳಮಟ್ಟಕ್ಕೆ ಹತ್ತಿರ ಇರುತ್ತದೆ. ಬೀಮ್ ಕಂಡದ್ದರಲ್ಲಿ ಈ ಸೋರಿಕೆ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಕರೆಂಟಿನ ಮಟ್ಟಕ್ಕೇ ಬಂದಿದ್ದರೆ ರಾಡ್‌ಗಳ ಬಗ್ಗೆ ಆ ಚಿಪ್ ಏನೂ ಹೇಳಲಾರದು. ಮುಂದಿನ ಬೀಮ್‌ಟೈಮ್‌ಗೆ ರಾಡ್ ಇಲ್ಲದ, ಬರೀ ಎಲೆಕ್ಟ್ರೋಡ್ ಇರುವ ಒಂದು ಚಿಪ್ಪನ್ನೂ ಲ್ಯಾಡರ್‌ಗೆ ಏರಿಸಿ. ಒಂದು ಜಾಗ ಹೋಯಿತೆಂದು ಲೋಭ ಮಾಡಬೇಡಿ. ಸೆನ್ಸರ್‌ಗೆ ಅಲ್ಯುಮಿನಾ ತಳ ಬಳಸಿದರೆ ಸಿಲಿಕಾನ್ ದಾರಿಯೇ ಇರುವುದಿಲ್ಲ, ಆದರೆ ಶಾಖ ಮತ್ತು ಚಾರ್ಜ್ ಹೊರಹೋಗುವುದು ಕಷ್ಟವಾಗುತ್ತದೆ.

ಶಾಖದ ಲೆಕ್ಕ ಬಾಯಲ್ಲೇ ಮಾಡಬಹುದು: ಎಂಇವಿಯನ್ನು ಪಾರ್ಟಿಕಲ್ ನ್ಯಾನೋಆಂಪಿಯರ್‌ನಿಂದ ಗುಣಿಸಿದರೆ ಮಿಲಿವ್ಯಾಟ್ ಬರುತ್ತದೆ. ಮೇಲಿನ ಬೀಮ್ 120 ಮಿಲಿವ್ಯಾಟ್. ತಾಮ್ರದ ಲ್ಯಾಡರ್‌ಗೆ ಚೆನ್ನಾಗಿ ಕೂತ ಸಿಲಿಕಾನ್‌ಗೆ ಅದು ಏನೂ ಅಲ್ಲ. ಟೇಪ್‌ನ ಒಂದು ಮೂಲೆಯಲ್ಲಿ ನೇತಾಡುವ ಚಿಪ್ ನಿರ್ವಾತದಲ್ಲಿ ನೂರು ಡಿಗ್ರಿ ದಾಟಬಲ್ಲದು. ಅನುಮಾನವಿದ್ದರೆ ಅದೇ ಫ್ಲುಯೆನ್ಸ್ ಅನ್ನು ಮೂರನೇ ಒಂದು ಕರೆಂಟಿನಲ್ಲಿ, ಮೂರು ಪಟ್ಟು ಸಮಯ ಕೊಟ್ಟು ಓಡಿಸಿ. ಫಲಿತಾಂಶ ಬೇರೆ ಬಂದರೆ ಶಾಖದ ಕೈವಾಡವಿದೆ. ಚಾರ್ಜಿಗೆ ಮದ್ದು ಇನ್ನೂ ಸುಲಭ: ಬೀಮ್ ಬೀಳುವಾಗ ಎರಡೂ ಎಲೆಕ್ಟ್ರೋಡ್‌ಗಳನ್ನು ಒಂದಕ್ಕೊಂದು ಸೇರಿಸಿ ಲ್ಯಾಡರ್‌ಗೆ ಗ್ರೌಂಡ್ ಮಾಡಿ. ತೆಳು ಆಕ್ಸೈಡ್‌ನ ಮೆಮ್ರಿಸ್ಟರ್‌ಗಳಲ್ಲಂತೂ (ವೋಲ್ಟೇಜ್ ಕೊಟ್ಟಾಗ ರೋಧ ಬದಲಿಸಿಕೊಂಡು ಅದನ್ನು ನೆನಪಿಡುವ ಸಾಧನಗಳು) ಇದನ್ನು ಬಿಟ್ಟರೆ ಮೇಲಿನ ಎಲೆಕ್ಟ್ರೋಡ್ ಚಾರ್ಜ್ ಆಗಿ, ಮೇಜಿಗೆ ಬರುವ ಮೊದಲೇ ಪದರ ಒಡೆದು ಕಡಿಮೆ ರೋಧದ ಸ್ಥಿತಿಗೆ ಹೋಗಿರುತ್ತದೆ.

ಚಿನ್ನ ಎಲ್ಲಿಗೆ ಹೋಯಿತು?

ಆರ್ಗಾನ್ ಬೀಮ್‌ನ ದೊಡ್ಡ ಸಮಸ್ಯೆ ಸ್ಪಟರಿಂಗ್, ಅಂದರೆ ಅಯಾನಿನ ಹೊಡೆತಕ್ಕೆ ಮೇಲ್ಮೈಯ ಪರಮಾಣುಗಳು ಹಾರಿಹೋಗುವುದು. ಅಯಾನಿಗೆ ಐದು ಪರಮಾಣು ಹಾರುತ್ತವೆ ಎಂದು ಹಿಡಿದರೆ 10¹⁶ ಫ್ಲುಯೆನ್ಸ್‌ನಲ್ಲಿ ಚಪ್ಪಟೆ ಝಿಂಕ್ ಆಕ್ಸೈಡ್‌ನ ಸುಮಾರು 6 ನ್ಯಾನೋಮೀಟರ್ ಸವೆಯುತ್ತದೆ, ತೆಳು ರಾಡ್‌ಗಳಲ್ಲಿ ಇನ್ನೂ ಹೆಚ್ಚು. ಚಿನ್ನ ಇದಕ್ಕಿಂತ ಸಲೀಸಾಗಿ ಹಾರುತ್ತದೆ. ಹಾರಿದ ಚಿನ್ನ ಪಕ್ಕದ ರಾಡ್‌ಗಳ ಮೇಲೆ ಕೂರುತ್ತದೆ. ಚಿನ್ನದ ಕಣ ಕೂತ ಝಿಂಕ್ ಆಕ್ಸೈಡ್‌ನ ಗ್ಯಾಸ್ ಸ್ಪಂದನೆ ತಾನಾಗಿಯೇ ಬದಲಾಗುತ್ತದೆ, ಕೆಲವೊಮ್ಮೆ ಸುಧಾರಿಸುತ್ತದೆ ಕೂಡ. ‘ಬೀಮ್‌ನಿಂದ ಸೆನ್ಸರ್ ಉತ್ತಮವಾಯಿತು’ ಎಂಬ ತೀರ್ಮಾನದ ಹಿಂದೆ ಬರೀ ಇದೇ ಇರಬಹುದು. ಎಕ್ಸ್‌ಪಿಎಸ್‌ನಲ್ಲಿ ಬೆರಳುಗಳ ನಡುವಿನ ಜಾಗದಲ್ಲಿ ಚಿನ್ನದ 84 ಇವಿ ಶಿಖರ ಹುಡುಕಿ. ಝಿಂಕ್‌ನ 3ಪಿ ಶಿಖರ ಅದರ ಹತ್ತಿರವೇ ಬರುತ್ತದೆ, ಎರಡನ್ನೂ ಬಿಡಿಸಿ ನೋಡಬೇಕು. ಖಾಯಂ ಪರಿಹಾರವೆಂದರೆ ಮೊದಲು ಬೀಮ್, ಆಮೇಲೆ ಎಲೆಕ್ಟ್ರೋಡ್. ಅದು ಆಗದಿದ್ದರೆ ಲೋಹದ ಬೆರಳುಗಳಿಗೆ ಮಾಸ್ಕ್.

ಮಾಸ್ಕ್ ಪೀಣ್ಯದ ವರ್ಕ್‌ಶಾಪ್‌ನಲ್ಲಿ 0.5 ಮಿ.ಮೀ. ಸ್ಟೇನ್‌ಲೆಸ್ ಹಾಳೆಯಲ್ಲಿ ಕತ್ತರಿಸಿದ್ದಾದರೆ ಎರಡು ಕೆಲಸ ಮರೆಯಬೇಡಿ: ಅಂಚಿನ ಮುಳ್ಳು ಉಜ್ಜಿ ತೆಗೆಯುವುದು, ಕಟಿಂಗ್ ಆಯಿಲ್ ಪೂರ್ತಿ ಹೋಗುವಂತೆ ಅಸಿಟೋನ್ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅಲ್ಟ್ರಾಸೋನಿಕ್ ತೊಳೆಯುವುದು. ಉಳಿದ ಎಣ್ಣೆ ನಿರ್ವಾತದಲ್ಲಿ ಆವಿಯಾಗಿ ಬೀಮ್ ಬಿದ್ದ ಜಾಗದಲ್ಲೇ ಇಂಗಾಲವಾಗಿ ಅಂಟುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅನ್ನು ಮಾಸ್ಕ್ ಮಾಡಬೇಡಿ. ಅದರ ದಪ್ಪವೂ ಈ ಬೆಳ್ಳಿ ಅಯಾನು ಅಲ್ಯುಮಿನಿಯಂನಲ್ಲಿ ಸಾಗುವ ದೂರವೂ ಹೆಚ್ಚು ಕಡಿಮೆ ಒಂದೇ, ಹತ್ತು–ಹದಿನೈದು ಮೈಕ್ರೋಮೀಟರ್ ಆಸುಪಾಸು. ಒಂದು ಪದರದ ಹಿಂದೆ ಮುಚ್ಚಿಟ್ಟ ‘ಬೀಮ್ ಕಾಣದ’ ಚಿಪ್ ಬೀಮ್ ಕಂಡಿರಬಹುದು.

ಇಂಗಾಲದ ಕಲೆ ಕಣ್ಣಿಗೇ ಕಂದು ಚೌಕವಾಗಿ ಕಾಣುತ್ತದೆ. ರಾಮನ್‌ನಲ್ಲಿ 1350 ಮತ್ತು 1580 ಸೆಂ.ಮೀ.⁻¹ರ ಹತ್ತಿರ ಎರಡು ಅಗಲ ದಿಬ್ಬಗಳು ಬಂದರೆ ಖಚಿತ. ಈ ಚಿಪ್‌ಗೆ ಆಕ್ಸಿಜನ್ ಪ್ಲಾಸ್ಮಾ ಕೊಟ್ಟರೆ ಇಂಗಾಲ ಹೋಗುತ್ತದೆ, ಜೊತೆಗೆ ಮೇಲ್ಮೈಯ ಆಕ್ಸಿಜನ್ ಸ್ಥಿತಿಯೂ ಬದಲಾಗುತ್ತದೆ. ಅದಕ್ಕೆ ಬೀಮ್ ಕಾಣದ ಚಿಪ್‌ಗೂ ಅದೇ ಪ್ಲಾಸ್ಮಾ ಕೊಟ್ಟು ಹೋಲಿಸಿ.

ಸ್ಪೆಕ್ಟ್ರಮ್ ಓದುವಾಗ

ರಾಮನ್‌ನಲ್ಲಿ ಸಿಲಿಕಾನ್‌ನ 520.5 ಗೆರೆಯಿಂದ ಮಾಪನಾಂಕ ಸರಿಮಾಡಿಕೊಳ್ಳಿ. ಝಿಂಕ್ ಆಕ್ಸೈಡ್‌ನ 437ರ ಶಿಖರ ತಗ್ಗಿ 570–580ರ ದಿಬ್ಬ ಎದ್ದಿದ್ದರೆ ಸ್ಫಟಿಕದ ಅಚ್ಚುಕಟ್ಟು ಕೆಟ್ಟಿದೆ ಎಂದರ್ಥ. ಫೋಟೋಲ್ಯೂಮಿನೆಸೆನ್ಸ್‌ನಲ್ಲಿ 380 ನ್ಯಾನೋಮೀಟರ್‌ನ ಶಿಖರ ಮತ್ತು 500–550ರ ಹಸಿರು ಪಟ್ಟಿ ಎರಡೂ ಒಟ್ಟಿಗೆ ಕುಗ್ಗಿದ್ದರೆ ಹಸಿರಿನ ಬಗ್ಗೆ ಕಥೆ ಕಟ್ಟಬೇಡಿ. ಇಂಗಾಲದ ಪೊರೆ ಬೆಳಕು ನುಂಗುತ್ತಿರಬಹುದು, ಅಥವಾ ಬೆಳಕು ಕೊಡದ ಡಿಫೆಕ್ಟ್‌ಗಳು ಹೆಚ್ಚಿರಬಹುದು.

ಎಕ್ಸ್‌ಪಿಎಸ್ ವಿಚಾರದಲ್ಲಿ ನಮ್ಮ ಅಭಿಪ್ರಾಯ ಕಟ್ಟುನಿಟ್ಟು. ಆಕ್ಸಿಜನ್ 1ಎಸ್ ಶಿಖರದ 531.5 ಇವಿ ಆಸುಪಾಸಿನ ಭುಜವನ್ನು ನೇರವಾಗಿ ವೇಕೆನ್ಸಿ ಎಂದು ಬರೆಯಬೇಡಿ. ಹೈಡ್ರಾಕ್ಸಿಲ್, ಕಾರ್ಬೊನೇಟ್ ಎರಡೂ ಅಲ್ಲೇ ಬರುತ್ತವೆ, ಮಳೆಗಾಲದಲ್ಲಿ ಗಾಳಿಗೆ ತೆರೆದಿಟ್ಟ ಯಾವ ಝಿಂಕ್ ಆಕ್ಸೈಡ್‌ಗೂ ಆ ಭುಜ ಇರುತ್ತದೆ. ಅದನ್ನು ಶುಚಿ ಮಾಡಲು ಉಪಕರಣದೊಳಗಿನ ಆರ್ಗಾನ್ ಗನ್ ಹಚ್ಚುವುದು ಅದಕ್ಕಿಂತ ಕೆಟ್ಟದ್ದು. ಅದೂ ಅಯಾನು ಬೀಮೇ, ಹೊಸ ಡಿಫೆಕ್ಟ್‌ಗಳನ್ನು ತಾನೇ ಮಾಡುತ್ತದೆ.

ಮೈಕ್ರೋಸ್ಕೋಪ್‌ನಲ್ಲಿ ಸ್ಟೇಜ್ 45 ಡಿಗ್ರಿ ವಾಲಿಸಿ ನೋಡಿ. ಓರೆಯಾಗಿ ಬೀಮ್ ಬಿದ್ದ ರಾಡ್‌ಗಳು ಒಂದೇ ದಿಕ್ಕಿಗೆ ಬಾಗಿರಬಹುದು. ಅಯಾನು ಎಷ್ಟು ಆಳ ಇಳಿಯಿತು ಎಂಬುದರ ಮೇಲೆ ಬೀಮ್ ಕಡೆಗೋ ಆಚೆಗೋ ವಾಲುತ್ತವೆ. ಬಾಗಿದ ರಾಡ್‌ಗಳು ಪಕ್ಕದವನ್ನು ಮುಟ್ಟಿದರೆ ಹೊಸ ದಾರಿಗಳು, ಬಿಟ್ಟರೆ ಕಡಿದ ದಾರಿಗಳು. ರೋಧ ಬದಲಾಗಲು ಇಷ್ಟೇ ಸಾಕು.

ಕೊನೆಗೆ ಅನೀಲಿಂಗ್

ಇಷ್ಟೆಲ್ಲ ದಾಟಿದ ಮೇಲೂ ಬದಲಾವಣೆ ಉಳಿದಿದ್ದರೆ ಆಗ ಅದು ಡಿಫೆಕ್ಟ್‌ಗಳದ್ದೆಂದು ವಾದಿಸಲು ಬುಡ ಸಿಗುತ್ತದೆ. ಬೀಮ್ ಕಂಡದ್ದು, ಕಾಣದ್ದು ಎರಡನ್ನೂ ಒಟ್ಟಿಗೆ ಒಣ ಗಾಳಿಯಲ್ಲಿ 100 ಡಿಗ್ರಿಯಿಂದ 50ರ ಮೆಟ್ಟಿಲಿನಲ್ಲಿ ಏರಿಸಿ. ಪ್ರತಿ ಮೆಟ್ಟಿಲಿನಲ್ಲಿ 30 ನಿಮಿಷ ಇಟ್ಟು, ಕತ್ತಲಲ್ಲೇ ಕೋಣೆಯ ಉಷ್ಣತೆಗೆ ಇಳಿಸಿ ಅಳೆಯಿರಿ. ಎರಡೂ ಚಿಪ್‌ಗಳು ಒಟ್ಟಿಗೆ ಸರಿದರೆ ಅದು ತೇವ ಮತ್ತು ಮೇಲ್ಮೈಯ ಆಟ. ಬೀಮ್ ಕಂಡದ್ದು ಮಾತ್ರ ಹಳೆಯ ರೋಧದ ಕಡೆಗೆ ಮರಳುತ್ತಿದ್ದರೆ ಆ ಉಷ್ಣತೆಯನ್ನು ಗುರುತು ಹಾಕಿಕೊಳ್ಳಿ. ಸೆನ್ಸರ್‌ನ ಕೆಲಸದ ಉಷ್ಣತೆ ಅದಕ್ಕಿಂತ ಮೇಲಿದ್ದರೆ ಬೀಮ್‌ನಿಂದ ಬಂದ ಲಾಭ ಬಳಕೆಯಲ್ಲಿ ಉಳಿಯುವುದಿಲ್ಲ. ಸಿಲಿಕಾನ್ ತಳದ ಚಿಪ್ಪನ್ನು 350 ಡಿಗ್ರಿ ದಾಟಿಸಬೇಡಿ. ಚಿನ್ನ ಮತ್ತು ಸಿಲಿಕಾನ್ ಸೇರಿದರೆ 363 ಡಿಗ್ರಿಗೆ ಕರಗುತ್ತವೆ, ಟ್ರ್ಯಾಕ್ ಬಿದ್ದ ಸಿಲಿಕಾ ಅವೆರಡನ್ನೂ ದೂರ ಇಡುತ್ತದೆಂಬ ಭರವಸೆ ಇಲ್ಲ.